ಕೆಲಸ ಕಳೆದುಕೊಂಡವರು ಕಟ್ಟಿದ ಸಂಘ

ಖರ್ಚು ಇಳಿಸುವ ಹೆಸರಿನಲ್ಲಿ ದೊಡ್ಡ ಸಂಸ್ಥೆಗಳು ನೌಕರರನ್ನು ಒಮ್ಮೆಲೇ ಮನೆಗೆ ಕಳುಹಿಸುವ ಸುದ್ದಿಯನ್ನು ನಾವು ಪದೇ ಪದೇ ಓದುತ್ತಿದ್ದೇವೆ. ನಮ್ಮ ಮಕ್ಕಳಲ್ಲಿ ಅನೇಕರು ದೂರದ ಊರುಗಳಲ್ಲಿ ಇಂತಹ ಉದ್ಯೋಗಗಳಲ್ಲಿರುವುದರಿಂದ ಅದು ನಮ್ಮ ಮನೆಗಳಿಗೂ ತಟ್ಟುವ ಸಂಗತಿ. ಆದರೆ ಈ ಪೆಟ್ಟು ನಮ್ಮ ಸೀಮೆಗೆ ಹೊಸದಲ್ಲ. 1968ರಲ್ಲಿ ಬೀಡಿ ಕಾರ್ಮಿಕರು ಅದನ್ನು ಎದುರಿಸಿದ ಬಗೆಯನ್ನು ಇಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ.

ಆಗ ಕಾಸರಗೋಡು ಕಣ್ಣೂರು ಜಿಲ್ಲೆಗೇ ಸೇರಿತ್ತು; ಪ್ರತ್ಯೇಕ ಜಿಲ್ಲೆಯಾದುದು 1984ರಲ್ಲಿ. ಅಲ್ಲಿನ ಬೀಡಿ ಉದ್ಯಮದಲ್ಲಿ ಮಂಗಳೂರಿನ ಸಂಸ್ಥೆಗಳದು ಮೇಲುಗೈ. 1966ರಲ್ಲಿ ಪಾರ್ಲಿಮೆಂಟು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯನ್ನು ಅಂಗೀಕರಿಸಿತು. ದಿನಕ್ಕೆ 9 ಗಂಟೆ ಹಾಗೂ ವಾರಕ್ಕೆ 48 ಗಂಟೆ ಮೀರದ ದುಡಿಮೆ, ಸಂಬಳಸಹಿತ ರಜೆ, ಹೆರಿಗೆಯ ಸೌಲಭ್ಯ ಮೊದಲಾದವು ಅದರಲ್ಲಿದ್ದವು. ಕೇರಳ ಸರಕಾರವು 1968ರಲ್ಲಿ ಅದನ್ನು ಜಾರಿಗೆ ತಂದಾಗ, ಈ ವೆಚ್ಚವನ್ನು ಭರಿಸಲಾಗದೆಂದು ದೊಡ್ಡ ಸಂಸ್ಥೆಗಳು ಇಲ್ಲಿನ ಕೆಲಸ ನಿಲ್ಲಿಸಿ ಗಡಿಯಾಚೆಗೆ ಸರಿದವು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ರಕ್ಷಣೆಗೆಂದು ಬಂದ ಕಾನೂನೇ ಅನ್ನಕ್ಕೆ ಎರವಾಯಿತೆಂದು ಕೆಲವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಆದರೂ ಅವರು ಕಾನೂನನ್ನು ಬಿಟ್ಟುಕೊಟ್ಟು ಹಳೆಯ ಒಡೆಯರ ಬಾಗಿಲು ಕಾಯಲಿಲ್ಲ. ಬೀಡಿ ಕಟ್ಟುವಲ್ಲಿ ಒಬ್ಬನು ಪತ್ರಿಕೆ ಓದುವುದು, ಉಳಿದವರು ಕೈ ನಿಲ್ಲಿಸದೆ ಕೇಳುವುದು, ಓದಿದವನ ಪಾಲಿನ ಬೀಡಿಯನ್ನು ಎಲ್ಲರೂ ಸೇರಿ ಕಟ್ಟಿಕೊಡುವುದು ಆ ಜಿಲ್ಲೆಯ ವಾಡಿಕೆಯಾಗಿತ್ತು. ಒಟ್ಟಾಗಿ ಯೋಚಿಸುವುದನ್ನು ಅವರು ಹೀಗೆ ಮೊದಲೇ ಕಲಿತಿದ್ದರು. 1969ರಲ್ಲಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘವು ಸುಮಾರು 3,000 ಕಾರ್ಮಿಕರೊಡನೆ ಆರಂಭವಾಯಿತು. ಷೇರು ಹಣದ ಬಹುಪಾಲನ್ನು ಸರಕಾರ ಸಾಲವಾಗಿ ಕೊಟ್ಟಿತು. ದುಡಿಯುವವರೇ ಸದಸ್ಯರು, ಅವರೇ ಒಡೆಯರು. 1980ರ ದಶಕದಲ್ಲಿ ಅವರ ಸಂಖ್ಯೆ ಸುಮಾರು 40,000ಕ್ಕೆ ಏರಿತು. ಒಡೆಯರು ಭರಿಸಲಾಗದೆಂದ ಸೌಲಭ್ಯಗಳನ್ನು ಕೊಟ್ಟೂ ಸಂಘ ನಡೆಯಿತು.

ಆ ಏಳಿಗೆಯೂ ಶಾಶ್ವತವಾಗಲಿಲ್ಲ. 1990ರ ದಶಕದಿಂದ ಬೀಡಿಯ ಬೇಡಿಕೆ ಕುಗ್ಗಿತು. ಧೂಮಪಾನದ ಕೇಡು ಜನರಿಗೆ ತಿಳಿದುದು ಒಳ್ಳೆಯದೇ ಆಯಿತು, ಆದರೆ ಕಟ್ಟುವವರ ಸಂಖ್ಯೆ ಇಳಿಯಿತು. ಆಗ ಸಂಘವು ಆಹಾರ ಪದಾರ್ಥ, ಕೊಡೆ, ಉಡುಪುಗಳ ತಯಾರಿಕೆಗೆ ಕೈಹಾಕಿತು. ಕಸುಬು ಕೈಬಿಟ್ಟರೂ ಕೂಟ ಕೈಬಿಡಲಿಲ್ಲ.

ಇಂದು ಕೆಲಸ ಕಳೆದುಕೊಳ್ಳುವ ನಮ್ಮ ಮಕ್ಕಳು ಒಬ್ಬೊಬ್ಬರಾಗಿಯೇ ಆ ಪತ್ರ ಓದುತ್ತಾರೆ. ನಾಚಿಕೆಯಿಂದ ಊರಿಗೂ ತಿಳಿಸುವುದಿಲ್ಲ. ಸಂಸ್ಥೆಯ ಲೆಕ್ಕಾಚಾರ ಅವರ ಯೋಗ್ಯತೆಯ ಅಳತೆಯಲ್ಲ. ಹಂಗಿಸದೆ ಅವರನ್ನು ಮನೆಗೆ ಕರೆದು ಕೂರಿಸಿ, ಮುಂದಿನ ದಾರಿಯನ್ನು ಕೂಡಿ ಯೋಚಿಸುವುದು ಹಿರಿಯರಾದ ನಮ್ಮ ಕರ್ತವ್ಯ.