ಸೂಜಿಕಾಯಕ ಮತ್ತು ಬೇಸಿಗೆಯ ವಸ್ತ್ರ

ಶರಣಧರ್ಮದಲ್ಲಿ ಕಾಯಕಕ್ಕೆ ಮೇಲು ಕೀಳೆಂಬ ಭೇದವಿಲ್ಲ. ನೂಲುವ ಕದಿರ ರೆಮ್ಮವ್ವೆ, ಬಟ್ಟೆ ಮಡಿಮಾಡುವ ಮಡಿವಾಳ ಮಾಚಿದೇವ, ಹೊಲಿಯುವ ಸೂಜಿಕಾಯಕದ ರಾಮಿತಂದೆ, ಇವರೆಲ್ಲರೂ ತಮ್ಮ ವೃತ್ತಿಯನ್ನೇ ಹೆಸರಾಗಿ ಧರಿಸಿದವರು. ಸೂಜಿ ಚಿಕ್ಕದು, ಆದರೆ ಬೇರಾದುದನ್ನು ಕೂಡಿಸುವುದು ಅದರ ಗುಣ. ಅಂತಹ ಸೂಜಿಯು ಇಂದು ಅನೇಕ ಮನೆಗಳಲ್ಲಿ ಮೂಲೆ ಸೇರಿದೆ. ಅದನ್ನು ಮರಳಿ ಕೈಗೆ ತೆಗೆದುಕೊಳ್ಳಲು ಬೇಸಿಗೆಯೇ ತಕ್ಕ ಕಾಲ.

ಬಸವಕಲ್ಯಾಣ, ಹುಮನಾಬಾದ ಸೀಮೆಯ ಬಿಸಿಲು ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದುಂಟು. ಬಸವ ಜಯಂತಿ ಬರುವುದೂ ಅಕ್ಷಯ ತೃತೀಯದಂದು, ಬಿರುಬೇಸಿಗೆಯಲ್ಲಿಯೇ. 2017ರಲ್ಲಿ ಬೀದರ-ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದ ತರುವಾಯ ಹುಮನಾಬಾದಿನವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ರಸ್ತೆ ಹಿಡಿದು ಕಲ್ಯಾಣ ತಲುಪುವ ಅನುಕೂಲ ಒದಗಿದೆ. ಅಕ್ಕನಾಗಮ್ಮನವರ ಗವಿ, 108 ಅಡಿಯ ಬಸವಣ್ಣನವರ ಮೂರ್ತಿ ಇವುಗಳ ದರ್ಶನಕ್ಕೆ ಬಿಸಿಲಲ್ಲಿ ನಡೆಯುವ ಭಕ್ತರಿಗೆ ತಲೆ, ಕೊರಳುಗಳನ್ನು ಕಾಯುವ ಹಗುರ ವಸ್ತ್ರವೊಂದು ಅವಶ್ಯ.

ಇದಕ್ಕೆ ಹತ್ತಿಯ ತೆಳುವಾದ ಬನಿಯನ್ ಬಟ್ಟೆ ಉತ್ತಮ. ಹತ್ತಿಯು ಬೆವರನ್ನು ಹೀರುತ್ತದೆ. ಆ ತೇವ ಆರುವಾಗ ಮೈಗೆ ತಂಪಾಗುತ್ತದೆ. ಪಾಲಿಯೆಸ್ಟರ್ ವಸ್ತ್ರವು ಹೊಳೆದರೂ ಬೆವರನ್ನು ಹಾಗೆ ಹೀರದು. ಮಗ್ಗದ ಬಟ್ಟೆಯಲ್ಲಿ ಹಾಸು ಹೊಕ್ಕುಗಳಿದ್ದರೆ, ಬನಿಯನ್ ಬಟ್ಟೆಯಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಹೆಣೆದುಕೊಂಡಿರುತ್ತದೆ. ಆದುದರಿಂದಲೇ ಅದು ಮೃದು, ಎಳೆದರೆ ಹಿಗ್ಗುತ್ತದೆ, ಕತ್ತರಿಸಿದ ಅಂಚಿನಿಂದ ಎಳೆಗಳು ಸುಲಭವಾಗಿ ಉದುರವು.

ಹೊಲಿಯುವ ಕ್ರಮ ಸರಳ. ಸುಮಾರು 60 ಇಂಚು ಅಗಲದ ಬಟ್ಟೆಯನ್ನು ಅರ್ಧ ಮೀಟರ್ ಕೊಂಡರೆ 60 ಇಂಚು ಉದ್ದ, 20 ಇಂಚು ಅಗಲದ ಒಂದು ವಸ್ತ್ರವಾಗುತ್ತದೆ. ಒಂದೂವರೆ ಮೀಟರಿನಲ್ಲಿ ಮೂರು. ತಿಳಿ ಬಣ್ಣವಿರಲಿ. ಹತ್ತಿ ಕುಗ್ಗುವುದರಿಂದ ಮೊದಲು ಒಗೆದು ಒಣಗಿಸಿ, ಸಮತಟ್ಟಾದ ನೆಲದ ಮೇಲೆ ಎಳೆಯದೆ ಹಾಸಿ, ಹರಿತವಾದ ಕತ್ತರಿಯಿಂದ ನೇರವಾಗಿ ಕತ್ತರಿಸಬೇಕು. ಉದ್ದದ ಅಂಚುಗಳನ್ನು ಮೆಲ್ಲಗೆ ಎಳೆದು ಬಿಟ್ಟರೆ ತಾವಾಗಿಯೇ ಸುರುಳಿಗೊಳ್ಳುತ್ತವೆ. ಅಲ್ಲಿ ಹೊಲಿಗೆಯೇ ಬೇಡ. ಎರಡು ಗಿಡ್ಡ ತುದಿಗಳನ್ನು ಮಾತ್ರ ಅರ್ಧ ಇಂಚು ಮಡಿಚಿ ಕೈಯಿಂದ ಸಡಿಲವಾಗಿ ಹೊಲಿದರೆ ಸಾಕು. ದಾರವನ್ನು ಬಿಗಿದರೆ ಬಟ್ಟೆ ಹಿಗ್ಗಿದಾಗ ಹೊಲಿಗೆ ಕಿತ್ತುಹೋಗುತ್ತದೆ. ಯಂತ್ರದಲ್ಲಿ ಹೊಲಿಯುವವರು ದುಂಡು ಮೊನೆಯ ಸೂಜಿ ಬಳಸಲಿ. ಚೂಪು ಮೊನೆಯು ಕುಣಿಕೆಯನ್ನು ಕತ್ತರಿಸಿ ತೂತು ಮಾಡುತ್ತದೆ.

ಕೆಲವು ಎಚ್ಚರಿಕೆಗಳೂ ಬೇಕು. ಮೋಟಾರು ಸೈಕಲ್ಲಿನ ಮೇಲೆ ಕುಳಿತಾಗ ವಸ್ತ್ರದ ತುದಿಗಳನ್ನು ಒಳಗೆ ಸಿಕ್ಕಿಸಿಕೊಳ್ಳಬೇಕು. ಚಕ್ರಕ್ಕೆ ಸಿಕ್ಕರೆ ಪ್ರಾಣಾಪಾಯ. ರಾಶಿ ಯಂತ್ರ, ಹಿಟ್ಟಿನ ಗಿರಣಿಗಳ ಬಳಿ ಅದನ್ನು ತೆಗೆದಿಡುವುದೇ ಲೇಸು. ವಸ್ತ್ರವನ್ನು ನೀರಲ್ಲಿ ಅದ್ದಿ ಕೊರಳಿಗೆ ಸುತ್ತಿದರೆ ಹಿತವೆನಿಸುವುದು ನಿಜ; ಆದರೆ ಕುಡಿಯುವ ನೀರಿಗೂ ನೆರಳಿಗೂ ಅದು ಬದಲಲ್ಲ. ಬಿಸಿಲಿಗೆ ಸಿಕ್ಕವರು ಮಾತು ತೊದಲಿದರೆ, ಮೈ ಸುಡುತ್ತಿದ್ದರೆ ನೆರಳಿಗೆ ಕರೆತಂದು, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತ, ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು.

ಕಾಯಕವು ದಾಸೋಹದಲ್ಲಿ ಪೂರ್ಣವಾಗುತ್ತದೆ. ನಾವು ಜಯಂತಿಯಂದು ಒಂದು ಹೊತ್ತು ಬಿಸಿಲಲ್ಲಿ ನಡೆದು ಮನೆಗೆ ಮರಳುತ್ತೇವೆ. ಹೊಲದ ಆಳಿಗೆ, ರಸ್ತೆಯ ಕೂಲಿಕಾರನಿಗೆ, ಬಸ್ ನಿಲ್ದಾಣದ ಬಳಿ ಹಣ್ಣು ಮಾರುವ ತಾಯಿಗೆ ಅದು ದಿನದಿನದ ಬದುಕು. ಆದುದರಿಂದ ಮೂರು ವಸ್ತ್ರ ಹೊಲಿದ ಮನೆಯವರು ಒಂದನ್ನಾದರೂ ಇಂಥವರಿಗೆ ಅರ್ಪಿಸಲಿ. ಉಳಿದ ಚೂರಲ್ಲ, ಹಳೆಯದಲ್ಲ. ತಮಗಾಗಿ ಹೊಲಿದಷ್ಟೇ ಶ್ರದ್ಧೆಯಿಂದ ಹೊಲಿದುದನ್ನು ಕೊಡಲಿ. ರಜೆಯಲ್ಲಿರುವ ಮಕ್ಕಳು, ಗಂಡು ಹೆಣ್ಣೆನ್ನದೆ, ಈ ಕೆಲಸದಲ್ಲಿ ಕೈಗೂಡಿಸಲಿ. ಕಾಯಕವೆಂದರೇನು, ದಾಸೋಹವೆಂದರೇನು ಎಂಬುದನ್ನು ಉಪನ್ಯಾಸಕ್ಕಿಂತ ಚೆನ್ನಾಗಿ ಆ ಸೂಜಿದಾರಗಳೇ ಅವರಿಗೆ ತಿಳಿಸಿಕೊಡುವುವು.