ಗೊಪ್ಪಿಂಗನ್‌ನ ನೆಲಮಾಳಿಗೆಯಲ್ಲಿ ನಮ್ಮೂರ ಸ್ಟೇಷನ್ನು

ಅಳತೆ ನಮಗೆ ಬಂದಿದ್ದು ಒಂದು ಮದುವೆ ಕರೆಯೋಲೆಯ ಹಿಂಬದಿಯಲ್ಲಿ. ಅಪ್ಪಯ್ಯ ನೀಲಿ ಪೆನ್ನಿನಲ್ಲಿ ಒಂದು ಚೌಕ ಎಳೆದು, ಉದ್ದ 42 ಅಡಿ, ಅಗಲ 20 ಅಡಿ ಎಂದು ಬರೆದು, ಪಕ್ಕದ ಮನೆಯ ಹುಡುಗನ ಕೈಲಿ ಫೋಟೊ ತೆಗೆಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರು. ಕೆಳಗೆ ಒಂದೇ ಸಾಲು: ‘ಗೋಡೆ ಇಲ್ಲ. ತಳಪಾಯ ಇದೆ. ಲಂಟಾನ ಕಡಿಸಿ ಅಳೆದಿದೆ.’

ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಸುಮಾರು 40 ಕಿ.ಮೀ. ದೂರದ ಗೊಪ್ಪಿಂಗನ್‌ನಲ್ಲಿ. ನಮ್ಮಲ್ಲೊಬ್ಬರು ಸಾಗರದ ಕಡೆಯವರು, ಇನ್ನೊಬ್ಬರು ದಾವಣಗೆರೆಯವರು. ಹಾಗಾಗಿ ಅಪ್ಪಯ್ಯ ಒಬ್ಬರಿಗೆ ಅಪ್ಪಯ್ಯ, ಇನ್ನೊಬ್ಬರಿಗೆ ಮಾವ. ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜ್ ಸಾಲಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಅವರು ಪಾಯಿಂಟ್ಸ್‌ಮನ್ ಆಗಿದ್ದರು. ಹಳಿ ಬದಲಿಸುವುದು, ಸಿಗ್ನಲ್ ಎಳೆಯುವುದು, ಸಂಜೆ ದೀಪ ಹಚ್ಚಿ ಕಂಬ ಹತ್ತುವುದು ಅವರ ಕೆಲಸ.

ಗೊಪ್ಪಿಂಗನ್‌ನಲ್ಲಿ ಮನೆ ಮಾಡಿದವರು ಆಟಿಕೆ ರೈಲಿನಿಂದ ತಪ್ಪಿಸಿಕೊಳ್ಳುವುದು ಕಷ್ಟ. ಮರ್ಕ್ಲಿನ್ ಕಂಪನಿ 1859ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಮೊದಲು ಗೊಂಬೆಮನೆಗಳಿಗೆ ತಗಡಿನ ಪಾತ್ರೆ ಪಗಡಿ ಮಾಡುತ್ತಿದ್ದವರು ಆಮೇಲೆ ರೈಲಿಗೆ ಕೈಹಾಕಿದರು. 1935ರಲ್ಲಿ ಊಟದ ಮೇಜಿನ ಮೇಲೆ ಹಿಡಿಸುವಷ್ಟು ಸಣ್ಣ ರೈಲನ್ನು ಮಾರುಕಟ್ಟೆಗೆ ತಂದರು. ಇಂದು ಇಲ್ಲಿನವರು ‘ಹಾ-ನುಲ್’ ಎಂದು ಕರೆಯುವ ಅಳತೆ ಅದೇ. ನಿಜವಾದದ್ದರ 87ರಲ್ಲಿ ಒಂದು ಪಾಲು. ಡಿಸೆಂಬರ್ ಬಂತೆಂದರೆ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಸಿ, ಕ್ರಿಸ್‌ಮಸ್ ಮರದ ಸುತ್ತ ಹಳಿ ಜೋಡಿಸುವ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಜೋಡಿಸುವವರು ಮಕ್ಕಳಲ್ಲ, ಅಜ್ಜಂದಿರು.

ಆದರೂ ನಮಗೆ ಈ ಹುಚ್ಚು ಹತ್ತಿದ್ದು ಇಲ್ಲಲ್ಲ, ಹ್ಯಾಂಬರ್ಗ್‌ನಲ್ಲಿ. ಅಲ್ಲಿನ ಹಳೆಯ ಗೋದಾಮು ಕಟ್ಟಡದಲ್ಲಿ ಫ್ರೆಡೆರಿಕ್ ಮತ್ತು ಗೆರಿಟ್ ಬ್ರೌನ್ ಎಂಬ ಅವಳಿ ಸಹೋದರರು 2001ರಲ್ಲಿ ತೆರೆದ ‘ಮಿನಿಯಾಟೂರ್ ವುಂಡರ್‌ಲಾಂಡ್’ ಇದೆ. ಜಗತ್ತಿನ ಅತಿ ದೊಡ್ಡ ಮಾದರಿ ರೈಲು ಎಂದು ಗಿನ್ನೆಸ್ ದಾಖಲೆಯಲ್ಲಿರುವುದು ಇದೇ. ಆಲ್ಪ್ಸ್ ಇದೆ, ಅಮೆರಿಕ ಇದೆ, ಇಟಲಿ ಇದೆ. ವಿಮಾನ ಹಾರುವ ವಿಮಾನ ನಿಲ್ದಾಣವೂ ಇದೆ. ಕಾಲು ಗಂಟೆಗೊಮ್ಮೆ ಕತ್ತಲಾಗಿ ಲಕ್ಷಾಂತರ ಪುಟ್ಟ ದೀಪಗಳು ಹೊತ್ತಿಕೊಳ್ಳುತ್ತವೆ. ಎಲ್ಲ ಕೋಣೆ ಸುತ್ತಿ ಮುಗಿದ ಮೇಲೆ ಮಗ ಕೇಳಿದ: ‘ಅಜ್ಜನ ಸ್ಟೇಷನ್ ಯಾವ ಕೋಣೆಯಲ್ಲಿದೆ?’

ವಾಪಸು ಬರುವ ರೈಲಿನಲ್ಲೇ ಯೋಜನೆ ಶುರುವಾಯಿತು.

ಕನ್ನಡ ಸಂಘದ ಗೆಳೆಯರೆಲ್ಲ ಕೊಟ್ಟ ಸಲಹೆ ಒಂದೇ: ಅರಸಾಳು ಮಾಡಿ. ಅದೂ ಇದೇ ಸಾಲಿನ ಸ್ಟೇಷನ್ನು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರಿಸಿದಾಗ ಮಾಲ್ಗುಡಿಯ ರೈಲು ನಿಲ್ದಾಣವಾದದ್ದು ಅರಸಾಳು. ಈಗ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಫೋಟೊಗಳು ಬೇಕಾದಷ್ಟು ಸಿಗುತ್ತವೆ, ನೋಡಿದ ಕೂಡಲೇ ಎಲ್ಲರಿಗೂ ಗುರುತು ಸಿಗುತ್ತದೆ. ಮಾತು ಸರಿ ಎನ್ನಿಸಿ ಅಪ್ಪಯ್ಯನಿಗೆ ಫೋನು ಮಾಡಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅರಸಾಳಿಗೆ ಶಂಕರ್‌ನಾಗ್ ಬಂದಿದ್ರು. ನಮ್ಮಲ್ಲಿಗೆ ಯಾರೂ ಬರ್ಲಿಲ್ಲ. ಅದನ್ನೇ ಮಾಡಿ ಮಾರಾಯ’ ಎಂದರು.

ತೊಂದರೆ ಎಂದರೆ ನಮ್ಮೂರ ಸ್ಟೇಷನ್ನಿನ ಒಂದು ಸರಿಯಾದ ಫೋಟೊ ಕೂಡ ಮನೆಯಲ್ಲಿರಲಿಲ್ಲ. ಮದುವೆ, ಮುಂಜಿ, ನಾಮಕರಣದ ಫೋಟೊ ರಾಶಿ ಇದೆ. ದಿನಕ್ಕೆ ಎರಡು ಸಲ ಕಾಣುವ ಸ್ಟೇಷನ್ನಿನ ಫೋಟೊ ಯಾರು ತೆಗೆಯುತ್ತಾರೆ? ಗೇಜ್ ಪರಿವರ್ತನೆಯಾಗಿ ಆ ಸಾಲು ಈಗ ಬ್ರಾಡ್‌ಗೇಜ್. ಮೈಸೂರಿನಿಂದ ತಾಳಗುಪ್ಪಕ್ಕೆ ನೇರ ರೈಲು ಓಡುತ್ತದೆ, ಊರಿನವರಿಗೆ ಅನುಕೂಲವೇ ಆಗಿದೆ. ಹಳೆಯ ಕಟ್ಟಡ ಮಾತ್ರ ಹೋಯಿತು. ಅದು ಹೇಗಿತ್ತು ಎಂದು ಪೂರ್ತಿ ಗೊತ್ತಿದ್ದವರು ಅಪ್ಪಯ್ಯ ಒಬ್ಬರೇ, ಅವರಿಗೆ 74 ವರ್ಷ. ನಿವೃತ್ತಿಯಾದ ಮೇಲೆ ಅವರು ಆ ಕಡೆ ಕಾಲಿಟ್ಟಿರಲಿಲ್ಲ ಎಂಬುದು ನಮಗೆ ಗೊತ್ತಾಗಿದ್ದು ‘ಅಳತೆ ಬೇಕಿತ್ತು’ ಎಂದು ಕೇಳಿದ ಮೇಲೆ.

ಹದಿನೈದು ದಿನ ‘ನೋಡುವ’ ಎಂದೇ ತಳ್ಳಿದರು. ಆಮೇಲೆ ಒಂದು ದಿನ ಹುಡುಗನನ್ನೂ ಕತ್ತಿಯನ್ನೂ ಟೇಪನ್ನೂ ಕರಕೊಂಡು ಹೋಗಿ ಅಳೆದು ಬಂದರು. ಕರೆಯೋಲೆಯ ಫೋಟೊ ಬಂದ ರಾತ್ರಿ ನಾವು ಫೋನು ಮಾಡಿದಾಗ ಅವರು ಹೇಳಿದ್ದು ಕಟ್ಟಡದ ವಿಷಯವಲ್ಲ, ಮೀಟರ್‌ಗೇಜ್‌ನ ಕೊನೆಯ ಗಾಡಿಯ ವಿಷಯ. ಅವತ್ತು ಜನ ಬಾಳೆಕಂದು ಕಟ್ಟಿದ್ದರಂತೆ, ಕಾಯಿ ಒಡೆದಿದ್ದರಂತೆ. ಹಸಿರು ಬಾವುಟ ತೋರಿಸಿದ್ದು ಅಪ್ಪಯ್ಯನೇ. ‘ಎಲ್ಲರ ಮನೆಯವ್ರೂ ಬಂದಿದ್ರು’ ಎಂದಷ್ಟೇ ಹೇಳಿ ಮಾತು ಬದಲಿಸಿದರು. ಆ ವರ್ಷ ನಾವು ಹೊಸ ಕೆಲಸ, ಹೊಸ ವೀಸಾ ಎಂದು ಓಡಾಡುತ್ತಿದ್ದೆವು. ಇಂಥದೊಂದು ದಿನ ಬರುತ್ತಿದೆ ಎಂದು ಅವರು ಹೇಳಿರಲಿಲ್ಲ, ನಾವು ಕೇಳಿಯೂ ಇರಲಿಲ್ಲ. ಅಲ್ಲಿಯವರೆಗೆ ನಮ್ಮ ಭಾನುವಾರದ ಕರೆ ಎಂದರೆ ಊಟ ಆಯ್ತಾ, ಮಳೆ ಬಂತಾ, ಅಡಿಕೆಗೆ ಕೊಳೆ ಹತ್ತಿದೆಯಾ, ಇಷ್ಟೇ. ಐದು ನಿಮಿಷಕ್ಕೆ ಮುಗಿಯುತ್ತಿತ್ತು.

ಇನ್ನು ಲೆಕ್ಕ. 87ರಿಂದ ಭಾಗಿಸುವುದು ರಗಳೆ ಎನ್ನುವವರಿಗೆ ಒಂದು ಸುಲಭ ದಾರಿ ಇದೆ: ಒಂದು ಅಡಿಗೆ ಮೂರೂವರೆ ಮಿಲಿಮೀಟರ್. ಇದನ್ನು ಹೇಳಿದ್ದೇ ತಡ, ಅಪ್ಪಯ್ಯ ಫೋನಿನಲ್ಲೇ ಬಾಯಿಲೆಕ್ಕ ಹಾಕತೊಡಗಿದರು. ಕಟ್ಟಡ 14.7 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲ. ಅಂಗೈಯಲ್ಲಿ ಹಿಡಿಸಬಹುದು. ಆದರೆ 600 ಅಡಿಯ ಪ್ಲಾಟ್‌ಫಾರಂ ಎರಡು ಮೀಟರಿಗೂ ಹೆಚ್ಚಾಗುತ್ತದೆ. ಹೊರಗಿನ ಸಿಗ್ನಲ್ಲನ್ನು ಸರಿಯಾದ ದೂರದಲ್ಲಿ ನಿಲ್ಲಿಸಿದರೆ ಅದು ಪಕ್ಕದವರ ಅಡುಗೆಮನೆಯಲ್ಲಿ ಬರುತ್ತದೆ. ಮಾದರಿ ಕಟ್ಟುವವರೆಲ್ಲ ಇಲ್ಲಿ ಸ್ವಲ್ಪ ಕಳ್ಳತನ ಮಾಡುತ್ತಾರೆ: ಕಟ್ಟಡವನ್ನು ಅಳತೆಗೆ ಸರಿಯಾಗಿ ಇಟ್ಟು, ಉದ್ದವನ್ನು ಕುಗ್ಗಿಸುತ್ತಾರೆ. ಅಪ್ಪಯ್ಯ ಒಪ್ಪಲಿಲ್ಲ. ‘ಆರು ಡಬ್ಬಿ ಗಾಡಿ ಎಲ್ಲಿ ನಿಲ್ತದೆ? ಹಿಂದಿನ ಡಬ್ಬಿಯವ್ರು ಜಲ್ಲಿ ಮೇಲೆ ಇಳೀಬೇಕಾ?’ ಮೂರು ವಾರ ಚೌಕಾಸಿ ನಡೆದು ಒಂದೂವರೆ ಮೀಟರಿಗೆ ಇತ್ಯರ್ಥವಾಯಿತು. ಹಲಗೆ 1.2 ಮೀಟರಿನ ಎರಡು ತುಂಡು. ಮಧ್ಯೆ ಬೋಲ್ಟ್ ಹಾಕಿ ಜೋಡಿಸಬಹುದು, ಬಿಚ್ಚಿ ಕಾರಿನಲ್ಲೂ ಒಯ್ಯಬಹುದು.

ಹಳಿಯ ಪ್ರಶ್ನೆ ನಾವು ಹೆದರಿದ್ದಕ್ಕಿಂತ ಸುಲಭವಾಗಿ ಬಗೆಹರಿಯಿತು. ಭಾರತದ ಬ್ರಾಡ್‌ಗೇಜ್‌ಗೆ ಈ ಅಳತೆಯ ಹಳಿ ಇಲ್ಲಿನ ಅಂಗಡಿಗಳಲ್ಲಿ ಸಿಗುವುದಿಲ್ಲ. ಆದರೆ ಮೀಟರ್‌ಗೇಜ್‌ಗೆ ಸಿಗುತ್ತದೆ. ಏಕೆಂದರೆ ಸ್ವಿಟ್ಜರ್ಲೆಂಡಿನ ರೇಷಿಯನ್ ರೈಲ್ವೆಯೂ ಮೀಟರ್‌ಗೇಜ್, ಅದರ ಮಾದರಿಗಳಿಗಾಗಿ 12 ಮಿಲಿಮೀಟರ್ ಹಳಿ ತಯಾರಾಗುತ್ತದೆ. ತಯಾರಿಸುವ ಬೇಮೋ ಕಂಪನಿ ಇರುವುದು ನಮ್ಮ ಪಕ್ಕದ ಊಹಿಂಗನ್‌ನಲ್ಲಿ! ಆಲ್ಪ್ಸ್‌ಗೆಂದು ಮಾಡಿದ ಹಳಿ ಹೀಗೆ ಮಲೆನಾಡಿಗೆ ಬಂತು.

ಮಣ್ಣಿನ ವಿಷಯಕ್ಕೆ ಒಂದು ಮಾತು, ಊರಿನಿಂದ ಬರುವ ತಂದೆ ತಾಯಿಗಳಿಗೆ ಉಪಯೋಗವಾದೀತು. ನಮ್ಮ ಕೆಮ್ಮಣ್ಣು ಒಂದು ಪೊಟ್ಟಣ ತರುತ್ತೇನೆ ಎಂದು ಅಪ್ಪಯ್ಯ ಹೊರಟಿದ್ದರು. ಭಾರತದಿಂದ ಯುರೋಪಿಯನ್ ಒಕ್ಕೂಟದೊಳಗೆ ಮಣ್ಣು ತರುವಂತಿಲ್ಲ; ಗಿಡದ ರೋಗ, ಹುಳು ಬರಬಾರದೆಂದು ನಿಷೇಧ. ಅವರು ಯೋಚಿಸಿ ಒಡೆದ ಮಂಗಳೂರು ಹಂಚಿನ ಒಂದು ತುಂಡನ್ನು ತೊಳೆದು ತಂದರು. ಸುಟ್ಟ ಹಂಚು ಮಣ್ಣಲ್ಲವಲ್ಲ. ಅದನ್ನು ಒರಳಲ್ಲಿ ಕುಟ್ಟಿ, ಹಳೆಯ ಕಾಲುಚೀಲದಲ್ಲಿ ಜರಡಿ ಹಿಡಿದು, ಅಂಟು ಸವರಿದ ಹಲಗೆಯ ಮೇಲೆ ಉದುರಿಸಿದಾಗ ಬಂದ ಬಣ್ಣವನ್ನು ಯಾವ ಅಂಗಡಿಯ ಡಬ್ಬಿಯಲ್ಲೂ ನಾವು ಕಂಡಿಲ್ಲ. ಅಡಿಕೆ ಮರಗಳನ್ನೂ ನಾವೇ ಮಾಡಬೇಕಾಯಿತು. ಅಂಗಡಿಯಲ್ಲಿ ಪೈನ್ ಮರ ಡಜನ್ನುಗಟ್ಟಲೆ ಸಿಗುತ್ತದೆ. ಅಡಿಕೆ ಕೇಳಿದರೆ ಸಮುದ್ರತೀರದ ರೆಸಾರ್ಟಿನ ತಾಳೆ ತೋರಿಸುತ್ತಾರೆ. ತಂತಿಗೆ ನೂಲು ಸುತ್ತಿ, ತುದಿಗೆ ಕತ್ತರಿಸಿದ ಹಕ್ಕಿಗರಿ ಅಂಟಿಸಿ 60 ಮರ ಮಾಡಿದೆವು.

ಎಲ್ಲವೂ ಹೀಗೆ ಸಲೀಸಾಗಿ ನಡೆಯಿತು ಎಂದುಕೊಳ್ಳಬೇಡಿ. ಜಲ್ಲಿ ಕೂರಿಸುವಾಗ ಬಿಳಿ ಅಂಟಿಗೆ ನೀರು ಬೆರೆಸಿ, ಪಾತ್ರೆ ತೊಳೆಯುವ ದ್ರವ ಒಂದು ಹನಿ ಹಾಕಿ ಪಿಪೆಟ್ಟಿನಿಂದ ಬಿಡುವುದು ಕ್ರಮ. ನಾವು ಧಾರಾಳವಾಗಿ ಸುರಿದೆವು. ನೆಲಮಾಳಿಗೆಯ ಚಳಿಯಲ್ಲಿ ಅದು ಒಣಗಲಿಲ್ಲ, ಹಲಗೆ ಬಾಳೆಲೆಯಂತೆ ಸೊಟ್ಟಗಾಯಿತು. ಕಿತ್ತು ಮತ್ತೆ ಮಾಡಲು ಎರಡು ತಿಂಗಳು. ಆ ಗಡಿಬಿಡಿಯಲ್ಲಿ ಒಂದು ಭಾನುವಾರ ಡ್ರಿಲ್ ಓಡಿಸಿದೆವು. ಜರ್ಮನಿಯಲ್ಲಿ ಭಾನುವಾರ ಸದ್ದು ಮಾಡುವುದು ಎಂದರೆ ನಮ್ಮಲ್ಲಿ ಹಬ್ಬದ ದಿನ ಜಗಲಿಯಲ್ಲಿ ಚಪ್ಪಲಿ ಬಿಟ್ಟು ಜಗಳಕ್ಕೆ ನಿಂತ ಹಾಗೆ. ಕೆಳಮನೆಯ ಹಿರಿಯರು ಬಾಗಿಲು ತಟ್ಟಿದರು. ಬೈಯಲು ಬಂದವರು ಹಲಗೆ ನೋಡಿ ಕನ್ನಡಕ ಹಾಕಿಕೊಂಡರು. ಒಂದು ಗಂಟೆ ಕೂತು, ಮರುದಿನ ತಮ್ಮ ಪೆಟ್ಟಿಗೆಯಿಂದ ಒಂದು ಕೈಸಿಗ್ನಲ್ ತಂದು ಉಡುಗೊರೆ ಕೊಟ್ಟರು. ಜರ್ಮನ್ ಮಾದರಿ, ಗುಂಡಿ ಒತ್ತಿದರೆ ಕೈ ಮೇಲೇಳುತ್ತದೆ.

ಅಪ್ಪಯ್ಯ ಬಂದಿದ್ದು ನವೆಂಬರಿನಲ್ಲಿ, 90 ದಿನಗಳ ವೀಸಾದ ಮೇಲೆ. ಬಂದ ಎರಡನೇ ದಿನ ಸ್ವೆಟರ್, ಮಂಕಿಕ್ಯಾಪ್ ಹಾಕಿ ನೆಲಮಾಳಿಗೆಗೆ ಇಳಿದರು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ನಾವು ಸಿಗ್ನಲ್ಲಿನ ಗುಂಡಿ ಒತ್ತಿದೆವು, ಕೈ ಮೇಲೆದ್ದಿತು.

‘ಇದೆಂತದು? ಕೈ ಎತ್ತಿದ್ರೆ ಗಾಡಿ ಹೆಂಗೆ ಬರ್ತದೆ?’

ಜರ್ಮನಿಯಲ್ಲಿ ಕೈ ಓರೆಯಾಗಿ ಮೇಲೆದ್ದರೆ ‘ಹೋಗು’. ಅಪ್ಪಯ್ಯನ ಸಿಗ್ನಲ್ಲಿನಲ್ಲಿ ಕೈ ಕೆಳಗೆ ಬಾಗಿದರೆ ‘ಬಾ’, ಅಡ್ಡ ನಿಂತರೆ ‘ನಿಲ್ಲು’. ಕೆಳಮನೆಯ ಹಿರಿಯರನ್ನು ಕರೆದೆವು. ಮಧ್ಯೆ ನಮ್ಮ ಮಗ ದುಭಾಷಿ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಜರ್ಮನ್ ಬರುತ್ತದೆ. ಪಾಯಿಂಟ್ಸ್‌ಮನ್ ಎಂಬುದಕ್ಕೆ ಜರ್ಮನ್‌ನಲ್ಲಿ ‘ವೈಷೆನ್‌ವೆರ್ಟರ್’ ಎಂಬ ಪದವಿದೆ ಎಂದು ಅವತ್ತು ನಮಗೂ ತಿಳಿಯಿತು. ಹಿರಿಯರ ಪ್ರಶ್ನೆ ಒಂದೇ: ‘ಕೈ ಕೆಳಗೆ ಬಿದ್ದರೆ ಹೋಗು ಎಂದಾದರೆ, ತಂತಿ ಕಡಿದಾಗ ತಾನಾಗಿ ಬಿದ್ದು ಅಪಘಾತವಾಗುವುದಿಲ್ಲವೇ?’ ಅಪ್ಪಯ್ಯ ಚಾಪುಡಿ ಡಬ್ಬಿಯ ಮುಚ್ಚಳ, ಚಮಚ, ಒಂದು ದಾರ ತರಿಸಿ ಮೇಜಿನ ಮೇಲೆ ತೋರಿಸಿದರು. ಕಂಬದ ಬುಡದಲ್ಲಿ ತೂಕದ ಗುಂಡು ಇರುತ್ತದೆ. ತಂತಿ ಎಳೆದು ಹಿಡಿದಿದ್ದಷ್ಟು ಹೊತ್ತು ಕೈ ಕೆಳಗೆ. ತಂತಿ ಕಡಿಯಿತೋ, ಗುಂಡು ಕುಸಿದು ಕೈಯನ್ನು ಮತ್ತೆ ಅಡ್ಡ ನಿಲ್ಲಿಸುತ್ತದೆ. ಇಬ್ಬರೂ ಅರ್ಧ ದಿನ ಸ್ಕ್ರೂಡ್ರೈವರ್ ಹಿಡಿದು ಕೂತು ಜರ್ಮನ್ ಸಿಗ್ನಲ್ಲಿನ ಸನ್ನೆ ತಿರುಗಿಸಿದರು. ಮೂರನೇ ದಿನದಿಂದ ಇವರಿಗೆ ದುಭಾಷಿ ಬೇಕಾಗಲಿಲ್ಲ. ಒಬ್ಬರು ಕನ್ನಡದಲ್ಲಿ, ಒಬ್ಬರು ಶ್ವಾಬಿಷ್ ಆಡುಮಾತಿನಲ್ಲಿ ಮಾತಾಡುತ್ತಿದ್ದರು.

ಕ್ರಿಸ್‌ಮಸ್ ಮುಂಚಿನ ಶನಿವಾರ ಇಲ್ಲಿನ ಮಾದರಿ ರೈಲು ಸಂಘದವರ ಪ್ರದರ್ಶನದಲ್ಲಿ ನಮ್ಮ ಹಲಗೆಗೂ ಜಾಗ ಸಿಕ್ಕಿತು. ಒಂದು ಕಡೆ ಹಿಮ ಹೊದ್ದ ಕಪ್ಪುಕಾಡು, ಇನ್ನೊಂದು ಕಡೆ ಹಡಗುಕಟ್ಟೆ, ನಡುವೆ ನಮ್ಮ ಅಡಿಕೆ ತೋಟ. ಮಗ ಒಂದು ಆಟಿಕೆ ಬಸ್ಸಿನ ಮೈಯನ್ನು ಟ್ರಾಮಿನ ಚಕ್ರಗಳ ಮೇಲೆ ಕೂರಿಸಿ ಮಾಡಿದ ರೈಲ್‌ಬಸ್ ಓಡಿತು. ಆ ಸಾಲಿನಲ್ಲಿ ಓಡಾಡಿದವರಿಗೆ ರೈಲ್‌ಬಸ್ ನೆನಪಿರಬಹುದು. ಹಳದಿ ಬೋರ್ಡಿನ ಮೇಲೆ ಮೂರು ಭಾಷೆಯಲ್ಲಿ ಹೆಸರು, ಕೆಳಗೆ ಸಮುದ್ರಮಟ್ಟದಿಂದ ಎತ್ತರ. ರೈಲಿಗೆ ಎತ್ತರ ಏಕೆ ಬೇಕು ಎಂದು ಜನ ಕೇಳಿದರು. ಹಂಚಿನ ಮಾಡು ನೋಡಿ ಒಬ್ಬರು, ಇದು ನಮ್ಮ ಕಡೆಯ ಹಂಚಿನ ಹಾಗಿದೆಯಲ್ಲ ಎಂದರು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಕಥೆ ಹೇಳಿದಾಗ ಅವರು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಸಿಗ್ನಲ್ಲಿನ ಗುಂಡಿಯನ್ನು ಎರಡು ದಿನವೂ ಅಪ್ಪಯ್ಯ ಯಾರಿಗೂ ಮುಟ್ಟಗೊಡಲಿಲ್ಲ. ಕೈ ಬಾಗದೆ ಮೊಮ್ಮಗನ ರೈಲ್‌ಬಸ್ಸನ್ನೂ ಒಳಗೆ ಬಿಡಲಿಲ್ಲ.

ಫೆಬ್ರುವರಿಯಲ್ಲಿ ಅವರು ಊರಿಗೆ ಹೊರಟರು. ಸ್ಟುಟ್‌ಗಾರ್ಟ್ ವಿಮಾನ ನಿಲ್ದಾಣದಲ್ಲಿ, ಸಾಮಾನು ಕೊಟ್ಟಾದ ಮೇಲೆ, ನೆನಪಾದವರಂತೆ ತಿರುಗಿ ಹೇಳಿದರು: ‘ಸ್ಟೇಷನ್ ಮಾಸ್ತರ ಕೋಣೆ ಎದುರು ಬೆಂಕಿ ಬಕೆಟ್ಟು ನಾಲ್ಕು ಮಾಡಿದ್ರಿ. ಆರು ಇತ್ತು.’

ಇನ್ನೆರಡಕ್ಕೆ ಕೆಂಪು ಬಣ್ಣ ಹಚ್ಚಿ ಇಟ್ಟಿದ್ದೇವೆ. ಒಣಗಿದ ಮೇಲೆ ಫೋಟೊ ಕಳಿಸಬೇಕು.