ಕೊಡವ ಹಾಕಿಗೆ ಹೋಗುವುದಾದರೆ ಫೈನಲ್‌ಗೆ ಬೇಡ

ಪಿರಿಯಾಪಟ್ಟಣ ಬಿಟ್ಟು, ಬೈಲಕುಪ್ಪೆ ಕಳೆದು, ಕೊಪ್ಪದ ಹತ್ತಿರ ಕಾವೇರಿ ಸೇತುವೆ ದಾಟಿದರೆ ಕೊಡಗು. ಅಲ್ಲಿ ಬೇಸಿಗೆಯಲ್ಲಿ ನಡೆಯುವ ಕೊಡವ ಕುಟುಂಬಗಳ ಹಾಕಿ ಹಬ್ಬದ ಸುದ್ದಿ ಈಚೆ ದಡದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಗಳಲ್ಲಿ ಎಲ್ಲರ ಬಾಯಿಗೆ ಬರುವುದು ಹೆಚ್ಚಾಗಿ ಫೈನಲ್ ಮುಗಿದ ಮರುದಿನ, ಕಪ್ ಎತ್ತಿ ಹಿಡಿದವರ ಚಿತ್ರ ಪತ್ರಿಕೆಯಲ್ಲಿ ಬಂದಾಗ. ಮುಂದಿನ ವರ್ಷ ಗಾಡಿ ಮಾಡಿಕೊಂಡು ಫೈನಲ್‌ಗೆ ಹೋಗಿಬಿಡೋಣ ಎಂಬ ಮಾತೂ ಆಗಲೇ ಹುಟ್ಟುತ್ತದೆ. ಹೋಗುವ ಆಸೆಯೇನೋ ಸರಿ, ಆರಿಸಿಕೊಂಡ ದಿನ ಮಾತ್ರ ಸರಿಯಲ್ಲ ಎಂಬುದು ನನ್ನ ವಾದ. ಈ ನಾಲ್ಕು ತಾಲ್ಲೂಕಿನವರಿಗೆ, ಅದರಲ್ಲೂ ಮೊದಲ ಸಲ ಹೋಗುವವರಿಗೆ, ಹಬ್ಬದ ಮೊದಲೆರಡು ವಾರಗಳ ಯಾವುದಾದರೂ ಒಂದು ದಿನ ಫೈನಲ್‌ಗಿಂತ ಎಷ್ಟೋ ಮೇಲು.

ಈ ಹಬ್ಬ ಹುಟ್ಟಿದ್ದೇ ಫೈನಲ್‌ಗಾಗಿ ಅಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಎಂಬ ಬ್ಯಾಂಕ್ ಉದ್ಯೋಗಿ, ಹಾಕಿ ಅಂಪೈರ್ ಕೂಡ, ಕರಡ ಗ್ರಾಮದಲ್ಲಿ ಇದನ್ನು ಆರಂಭಿಸಿದಾಗ ಬಂದಿದ್ದು 60 ಕುಟುಂಬಗಳ ತಂಡಗಳು. ಒಳ್ಳೆಯ ಆಟಗಾರರಿಗೆ ಕೊಡಗಿನಲ್ಲಿ ಆಗಲೂ ಬರವಿರಲಿಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಎಂ.ಪಿ.ಗಣೇಶ್ ಇದ್ದರು, 1980ರ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಎಂ.ಎಂ.ಸೋಮಯ್ಯ ಇದ್ದರು. ಕುಟ್ಟಪ್ಪನವರು ಹುಡುಕಿದ್ದು ಆಟಗಾರರನ್ನಲ್ಲ. ಊರೂರಿಗೆ ಚದುರಿಹೋದ ಕುಟುಂಬದವರನ್ನು ವರ್ಷಕ್ಕೊಮ್ಮೆ ಒಂದೆಡೆ ಸೇರಿಸುವ ನೆಪವನ್ನು. ಪ್ರತಿ ವರ್ಷ ಒಂದು ಕುಟುಂಬ ಹೊಣೆ ಹೊರುತ್ತದೆ, ಆ ವರ್ಷದ ಕಪ್ ಅದರ ಹೆಸರಿನಲ್ಲೇ ನಡೆಯುತ್ತದೆ. 2018ರ ಭೂಕುಸಿತ, ಆಮೇಲೆ ಕೋವಿಡ್, ಹೀಗೆ ಕೆಲವು ವರ್ಷ ನಿಂತುಹೋದ ಹಬ್ಬ 2023ರಲ್ಲಿ ನಾಪೋಕ್ಲುವಿನಲ್ಲಿ ಅಪ್ಪಚೆಟ್ಟೋಳಂಡ ಕುಟುಂಬದ ಆತಿಥ್ಯದಲ್ಲಿ 336 ತಂಡಗಳೊಂದಿಗೆ ಮತ್ತೆ ಶುರುವಾಯಿತು. ಮರುವರ್ಷ ಅಲ್ಲೇ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396.

ಈ 396ರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಇದು ಸೋತವರು ಮನೆಗೆ ಹೋಗುವ ನಾಕೌಟ್. ಒಂದೊಂದು ಪಂದ್ಯಕ್ಕೆ ಒಂದೊಂದು ತಂಡ ಉದುರುವುದರಿಂದ, ಒಬ್ಬ ವಿಜೇತ ಉಳಿಯಲು 395 ಪಂದ್ಯಗಳು ಬೇಕು. ಕೊನೆಯ 16 ತಂಡಗಳು ಉಳಿಯುವ ಹೊತ್ತಿಗೆ ಅವುಗಳಲ್ಲಿ 380 ಮುಗಿದಿರುತ್ತವೆ, ವಾಕ್‌ಓವರ್‌ಗಳೂ ಸೇರಿ. ಉಳಿದ 15ಕ್ಕೆ ಟಿ.ವಿ., ಮಂತ್ರಿಗಳು, ಭಾಷಣ. ಹಬ್ಬದ ಬಹುಪಾಲು ನಡೆದುಹೋಗಿರುವುದು ಆ 380ರಲ್ಲಿ. ಒಂದಕ್ಕಿಂತ ಹೆಚ್ಚು ಮೈದಾನಗಳಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದರ ಹಿಂದೊಂದು ಪಂದ್ಯ. ಬೆನ್ನ ಮೇಲೆ ಮನೆತನದ ಹೆಸರು ಬರೆದ ಜೆರ್ಸಿ ತೊಟ್ಟು ಇಳಿಯುವ ತಂಡದಲ್ಲಿ ರಾಜ್ಯಕ್ಕೋ ದೇಶಕ್ಕೋ ಆಡಿದವನೊಬ್ಬ ಇರಬಹುದು. ಅವನ ಪಕ್ಕದಲ್ಲೇ ಶಾಲೆಗೆ ಹೋಗುವ ತಂಗಿ, ನಿವೃತ್ತರಾದ ದೊಡ್ಡಪ್ಪ, ಮೂರು ಹೆಜ್ಜೆ ಓಡಿ ಸ್ಟಿಕ್ ಊರಿ ನಗುವ ಅತ್ತೆ. ಹುಡುಗನ ಕಾಲಿಗೆ ಚೆಂಡು ಸಿಕ್ಕಿಕೊಂಡರೆ ಎದುರಾಳಿ ತಂಡದವನೇ ನಿಂತು ಬಿಡಿಸಿಕೊಡುವುದುಂಟು. ಕಾಮೆಂಟರಿ ಕೊಡವ ತಕ್ಕಿನಲ್ಲಿ. ಕನ್ನಡದ ಕಿವಿಗೆ ಅರ್ಧ ಅರ್ಥವಾಗುತ್ತದೆ, ಉಳಿದರ್ಧವನ್ನು ಸುತ್ತಲಿನವರ ನಗು ಹೇಳಿಕೊಡುತ್ತದೆ. ಕ್ವಾರ್ಟರ್ ಫೈನಲ್ ಹೊತ್ತಿಗೆ ದೊಡ್ಡಪ್ಪನೂ ಅತ್ತೆಯೂ ಗ್ಯಾಲರಿ ಸೇರಿರುತ್ತಾರೆ. ಆಮೇಲೆ ನಡೆಯುವುದು ಒಳ್ಳೆಯ ಹಾಕಿ, ಅಷ್ಟೆ.

ಒಳ್ಳೆಯ ಹಾಕಿಯನ್ನು ನೋಡುವುದಕ್ಕೇ ಅಲ್ಲವೇ ಹೋಗುವುದು, ಮೊದಲ ಸುತ್ತಿನ ಏಕಪಕ್ಷೀಯ ಪಂದ್ಯಗಳಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬಿಗುವಾದ ಆಟ ಬೇಕೆನ್ನುವವರು, ಹಾಕಿಯ ಒಳಹೊರಗು ಬಲ್ಲವರು ಫೈನಲ್‌ಗೇ ಹೋಗಲಿ. ಆದರೆ ಒಂದು ದೊಡ್ಡ ಪಂದ್ಯಕ್ಕಾಗಿ ದೂರ ಪ್ರಯಾಣ ಮಾಡುವುದರಲ್ಲಿ ಸುಖ ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಬೌಲ್ ಪಂದ್ಯಗಳೆಂಬ ದೊಡ್ಡ ಸಡಗರವಿದೆ. ಅವುಗಳಲ್ಲಿ ಹಳೆಯದು ಕ್ಯಾಲಿಫೋರ್ನಿಯಾದ ಪಸಡೀನಾದ ರೋಸ್ ಬೌಲ್. ಮೊದಲು ನಡೆದದ್ದು 1902ರಲ್ಲಿ. ಸಾಮಾನ್ಯವಾಗಿ ಹೊಸ ವರ್ಷದ ಮೊದಲ ದಿನ, ಬೆಳಿಗ್ಗೆ ನಮ್ಮ ಜಂಬೂಸವಾರಿಯಂತೆ ಹೂವಿನ ರಥಗಳ ಮೆರವಣಿಗೆ, ಆಮೇಲೆ ಆಟ. ಯಾವ ಕಾಲೇಜು ಯಾವ ಬೌಲ್‌ಗೆ ಎಂಬುದು ಡಿಸೆಂಬರ್ ಬರುವವರೆಗೂ ಖಚಿತವಾಗದು. ಗೊತ್ತಾದ ಮೇಲೆ ಉಳಿದ ಕೆಲವೇ ವಾರಗಳಲ್ಲಿ ವಿಮಾನ, ಹೋಟೆಲ್, ಟಿಕೆಟ್ ಎಲ್ಲಕ್ಕೂ ದುಬಾರಿ ದುಡ್ಡು ಸುರಿದು ಜನ ಹೊರಡುತ್ತಾರೆ. ಯಾಕೆಂದರೆ ಆಡುತ್ತಿರುವುದು ತಾವು ಓದಿದ ಕಾಲೇಜು. ಆ ಅಭಿಮಾನವೇ ಖರ್ಚನ್ನು ಸಾರ್ಥಕ ಮಾಡುತ್ತದೆ. ಕೆ.ಆರ್.ನಗರದಿಂದ ಹೋದವರಿಗೆ ಫೈನಲ್‌ನ ಎರಡೂ ಮನೆತನಗಳು ಅಪರಿಚಿತ. ಗೋಲಾದಾಗ ಯಾರಿಗೆ ಚಪ್ಪಾಳೆ ತಟ್ಟಬೇಕೆಂಬುದೂ ತೋಚದು. ಮೊದಲ ವಾರದಲ್ಲಿ ಹೋದರೆ ಒಂದೇ ದಿನದಲ್ಲಿ ಹತ್ತಾರು ತಂಡಗಳು ಕಣ್ಣ ಮುಂದೆ ಹಾಯುತ್ತವೆ. ಮಧ್ಯಾಹ್ನದ ಹೊತ್ತಿಗೆ ಒಂದಾದರೂ ತಂಡ ನಮ್ಮದೆನಿಸಿಬಿಡುತ್ತದೆ. ಅದು ಮುಂದೆ ಗೆದ್ದರೆ ಉಳಿದ ಪಂದ್ಯಗಳನ್ನು ಮೊಬೈಲಿನ ನೇರಪ್ರಸಾರದಲ್ಲಿ ನೋಡುವುದಕ್ಕೂ ಒಂದು ಕಾರಣ ಸಿಕ್ಕಂತಾಯಿತು. ಮೊಬೈಲಿನಲ್ಲೇ ನೋಡಬಹುದಾದಾಗ ಹೋಗುವುದೇಕೆ ಎನ್ನುವವರಿಗೂ ಇದೇ ಉತ್ತರ. ಪರದೆಯಲ್ಲಿ ಚೆನ್ನಾಗಿ ಕಾಣುವುದು ಫೈನಲ್, ಕಾಣದೇ ಹೋಗುವುದು ಮೈದಾನದ ಬದಿ.

ಇದು ಅವರ ಮನೆಯ ಹಬ್ಬ, ನಾವು ಹೊರಗಿನವರು ಹೋಗುವುದು ಹೇಗೆ ಎಂಬ ಸಂಕೋಚವೂ ಕೆಲವರಿಗೆ ಇದೆ. ಆಡಲು ಕೊಡವ ಕುಟುಂಬದವರಾಗಿರಬೇಕು, ನೋಡಲು ಯಾರಾದರೂ ಆಗಬಹುದು. ಜನ ಕಡಿಮೆ ಇರುವ ದಿನವೇ ಪಕ್ಕದಲ್ಲಿ ಕುಳಿತವರಿಗೆ ಯಾವ ಮನೆತನ ಯಾವ ಊರಿನದು ಎಂದು ಬಿಡಿಸಿ ಹೇಳುವಷ್ಟು ವ್ಯವಧಾನ ಇರುವುದು.

ಇನ್ನು ಕಾಲದ ಮಾತು. 2024ರಲ್ಲೂ 2025ರಲ್ಲೂ ಹಬ್ಬ ಮಾರ್ಚ್ ಕೊನೆಗೆ ಶುರುವಾಗಿ ಏಪ್ರಿಲ್ ಕೊನೆಗೆ ಮುಗಿಯಿತು. ಏಪ್ರಿಲ್ ಕೊನೆ ಎಂದರೆ ಭರಣಿ ಮಳೆ ಹಿಡಿಯುವ ಹೊತ್ತು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರು ಟ್ರೇಯಲ್ಲಿ ಬೆಳೆಸಿದ ಸಸಿಯನ್ನು ಹೊಲಕ್ಕೆ ಇಳಿಸಲು ಆಕಾಶ ನೋಡುತ್ತಿರುತ್ತಾರೆ, ಕೋಟೆ ಕಡೆಯವರು ಹತ್ತಿ ಬಿತ್ತನೆಗೆ ಸಜ್ಜಾಗಿರುತ್ತಾರೆ. ಒಂದು ಹದ ಮಳೆ ಬಿದ್ದರೆ ಫೈನಲ್ ನೋಡಲು ಹೊರಟ ಗಾಡಿಯಲ್ಲಿ ಅರ್ಧ ಸೀಟು ಖಾಲಿ. ಏಪ್ರಿಲ್ ಮೊದಲ ಭಾಗದಲ್ಲಾದರೆ ನೀರು ಹಾಯಿಸಲು ಮನೆಯಲ್ಲೊಬ್ಬರನ್ನು ಬಿಟ್ಟು ಉಳಿದವರು ಹೊರಡಬಹುದು. ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಮಕ್ಕಳಿಗೂ ಬೇಸಿಗೆ ರಜೆ. ಆತಿಥ್ಯದ ಕುಟುಂಬ ಬದಲಾದಂತೆ ತಾರೀಕೂ ಊರೂ ಬದಲಾಗುವುದರಿಂದ ಮಾರ್ಚ್‌ನಲ್ಲೇ ವಿಚಾರಿಸಿಟ್ಟುಕೊಳ್ಳುವುದು ಕ್ಷೇಮ.

ದಾರಿಯೇ ಕೊನೆಗೆ ಎಲ್ಲವನ್ನೂ ತೀರ್ಮಾನಿಸುತ್ತದೆ. ಕೊಡಗಿಗೆ ರೈಲಿಲ್ಲ. ಹುಣಸೂರಿನಿಂದ ಮಡಿಕೇರಿಗೆ ಸುಮಾರು 75 ಕಿ.ಮೀ., ನಾಪೋಕ್ಲುವಿಗೆ ಅಲ್ಲಿಂದ ಮತ್ತೆ 20 ಕಿ.ಮೀ.ಗಿಂತ ಹೆಚ್ಚು, ಅದೂ ತಿರುವಿನ ಕಿರಿದಾದ ರಸ್ತೆ. ಫೈನಲ್ ಮುಗಿದು ಬಹುಮಾನ ವಿತರಣೆಯೂ ಆಗಿ ಸಾವಿರಾರು ಜನ ಒಟ್ಟಿಗೆ ಹೊರಟರೆ ಆ ರಸ್ತೆಯಲ್ಲಿ ಗಾಡಿ ಅಲುಗಾಡುವುದು ನಿಧಾನ. ಬಸ್ಸನ್ನೇ ನಂಬಿದವರಿಗೆ ಊರು ತಲುಪುವ ಕೊನೆಯ ಬಸ್ಸು ತಪ್ಪಬಹುದು. ಮಾಮೂಲಿ ದಿನವಾದರೆ ಬೇಕೆಂದಾಗ ಏಳಬಹುದು, ಬಿಟ್ಟ ಪಂದ್ಯದ ಹಿಂದೆಯೇ ಇನ್ನೊಂದು ಪಂದ್ಯ ಇರುವುದರಿಂದ ಏನೋ ಕಳೆದುಕೊಂಡೆವೆಂಬ ಹಳಹಳಿಕೆಯೂ ಇಲ್ಲ. ವೀರನಹೊಸಹಳ್ಳಿಯಿಂದ ನಾಗರಹೊಳೆ ಕಾಡಿನೊಳಗೆ ಕುಟ್ಟದ ಕಡೆಗೆ ಹೋಗುವ ರಸ್ತೆಯನ್ನು ನೆಚ್ಚುವವರು ಹೊರಡುವ ಹೊತ್ತನ್ನು ಇನ್ನಷ್ಟು ಗಮನಿಸಬೇಕು. ಅರಣ್ಯ ಇಲಾಖೆಯ ಗೇಟು ಸಂಜೆ 6ಕ್ಕೆ ಹಾಕಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಬೆಳಿಗ್ಗೆ ಆ ದಾರಿಯಲ್ಲಿ ಹೋದವರೂ ಫೈನಲ್ ನೋಡಿ ವಾಪಸಾಗುವಾಗ ತಿತಿಮತಿ ಮೇಲೋ ಕುಶಾಲನಗರದ ಮೇಲೋ ಸುತ್ತಿಕೊಂಡು ಬರಬೇಕು. ಎಚ್.ಡಿ.ಕೋಟೆಯವರಿಗೆ ಬಾವಲಿ ಕಡೆಯ ಕಾಡುದಾರಿಯೂ ರಾತ್ರಿ ಮುಚ್ಚಿರುವುದರಿಂದ, ಹುಣಸೂರಿಗೆ ಬಂದ ಮೇಲೂ ಇನ್ನೊಂದು ತಾಲ್ಲೂಕಿನ ದಾರಿ ಬಾಕಿ ಇರುತ್ತದೆ.